ತೇರು, ವಿಮಾನ ಮತ್ತು ಬಿಡಿಗೊಂಬೆಗಳು: ಕುಂದಾಪುರ ಪರಿಸರದ ಜೋಡಣೆಯ ಶಿಲ್ಪವನ್ನು ಕುರಿತು

ಆಟಿಕೆಯ ವಿಷಯವನ್ನು ಸಂಶೋಧನ ಸಂಚಿಕೆಯೊಂದರ ಪುಟಗಳಲ್ಲಿ ಎತ್ತಿಕೊಳ್ಳುವುದು ಉಚಿತವೇ ಎಂದು ಕೆಲವರು ಕೇಳಬಹುದು. ಆಟಿಕೆಗೆ ಶಾಸನವಿಲ್ಲ, ತಾಮ್ರಪಟವಿಲ್ಲ, ರಾಜವಂಶಾವಳಿಯಲ್ಲಿ ಅದಕ್ಕೆ ಸ್ಥಾನವಿಲ್ಲ. ಆದರೂ ಸಿಂಧೂ ಕಣಿವೆಯ ನಾಗರಿಕತೆಯ ಕಾಲದಲ್ಲಿ ಎತ್ತಿನ ಗಾಡಿಯ ಆಕಾರ ಹೇಗಿದ್ದಿತೆಂಬುದು ನಮಗೆ ತಿಳಿದುಬಂದದ್ದು ಹರಪ್ಪ, ಮೊಹೆಂಜೊದಾರೊ ಮೊದಲಾದ ನೆಲೆಗಳಲ್ಲಿ ದೊರೆತ ಸುಟ್ಟಮಣ್ಣಿನ ಪುಟ್ಟ ಗಾಡಿಗಳಿಂದಲೇ ಎಂಬುದನ್ನು ಮರೆಯುವಂತಿಲ್ಲ. ನಿಜವಾದ ಗಾಡಿಯ ಮರವು ಮಣ್ಣುಗೂಡಿ ಹೋಯಿತು. ಅದರ ಕಿರುಪ್ರತಿಮೆ ಉಳಿಯಿತು. ದೊಡ್ಡ ವಸ್ತುವಿನ ನೆನಪನ್ನು ಸಣ್ಣ ವಸ್ತು ಕಾಯ್ದುಕೊಳ್ಳುವ ಈ ಸಂಗತಿಯಿಂದಲೇ ನಮ್ಮ ವಿಚಾರವನ್ನು ಆರಂಭಿಸುವುದು ಯುಕ್ತವೆಂದು ತೋರುತ್ತದೆ.

ನಮ್ಮ ಕಾಲದಲ್ಲಿ ಇಂತಹ ಕಿರುಪ್ರತಿಮೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಡೆನ್ಮಾರ್ಕ್ ದೇಶದಿಂದ ಬಂದಿದೆ. ಅಲ್ಲಿಯ ಬಿಲ್ಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿಯು ೧೯೩೨ರಲ್ಲಿ ಮರದ ಆಟಿಕೆಗಳನ್ನು ಮಾಡಲು ತೊಡಗಿದನು. ಅವನು ಹುಟ್ಟುಹಾಕಿದ ಲೆಗೊ ಸಂಸ್ಥೆಯು ಒಂದರ ಮೇಲೊಂದು ಕಚ್ಚಿಕೊಂಡು ನಿಲ್ಲುವ ಪ್ಲಾಸ್ಟಿಕ್ ಇಟ್ಟಿಗೆಗೆ ೧೯೫೮ರ ಜನವರಿ ೨೮ರಂದು ಹಕ್ಕುಪತ್ರವನ್ನು ಕೋರಿತು. ೧೯೬೦ರಲ್ಲಿ ಮರದ ಆಟಿಕೆಗಳಿದ್ದ ಕಟ್ಟಡವು ಬೆಂಕಿಗೆ ಆಹುತಿಯಾದ ಮೇಲೆ ಆ ಸಂಸ್ಥೆಯಲ್ಲಿ ಮರದ ಕೆಲಸವೇ ನಿಂತುಹೋಯಿತು. ೧೯೭೮ರಲ್ಲಿ ಕೈಕಾಲು ಆಡಿಸಬಲ್ಲ, ಸುಮಾರು ನಾಲ್ಕು ಸೆಂಟಿಮೀಟರ್ ಎತ್ತರದ ಕಿರುಮನುಷ್ಯರು ಈ ಇಟ್ಟಿಗೆಗಳ ಲೋಕಕ್ಕೆ ಬಂದರು. ಕಡೆಗೆ ೨೦೧೭ರಲ್ಲಿ, ೧೯೭೭ರ ಅಮೆರಿಕದ ಚಲನಚಿತ್ರವೊಂದರಲ್ಲಿ ಕಾಣಿಸಿಕೊಂಡ ‘ಮಿಲೇನಿಯಂ ಫಾಲ್ಕನ್’ ಎಂಬ ಕಲ್ಪಿತ ಆಕಾಶನೌಕೆಯನ್ನು ೭,೫೪೧ ಬಿಡಿಭಾಗಗಳಿಂದ ಕಟ್ಟಿಕೊಳ್ಳುವಂತೆ ಒಂದು ಮಹಾಪೆಟ್ಟಿಗೆಯನ್ನು ಹೊರತಂದರು. ಪೂರ್ತಿಯಾಗಿ ಕಟ್ಟಿದ ನೌಕೆಯ ಉದ್ದ ಸುಮಾರು ೮೪ ಸೆಂಟಿಮೀಟರ್, ಅಗಲ ೫೬ ಸೆಂಟಿಮೀಟರ್. ನೌಕೆಯ ನಾಯಕ, ಅವನ ರೋಮಮಯ ಸಹಚರ, ರಾಜಕುಮಾರಿ ಮುಂತಾದ ಪಾತ್ರಗಳ ಪುಟ್ಟ ಗೊಂಬೆಗಳೂ ಅದರೊಡನೆ ಇರುತ್ತವೆ. ಇದನ್ನು ಕೊಳ್ಳುವವರಲ್ಲಿ ಬಹುಮಂದಿ ಮಕ್ಕಳಲ್ಲ, ಸಂಗ್ರಾಹಕರಾದ ವಯಸ್ಕರು. ಈ ಸಂಗ್ರಾಹಕರ ಜಗತ್ತಿನ ಒಂದು ವಿಲಕ್ಷಣ ನಿಯಮವನ್ನು ಇಲ್ಲಿಯೇ ಹೇಳಿಬಿಡಬೇಕು: ಹಳೆಯದಾದ, ತಯಾರಿಕೆ ನಿಂತುಹೋದ ಪೆಟ್ಟಿಗೆಯನ್ನು ಮುದ್ರೆ ಒಡೆಯದೆ ಇಟ್ಟಿದ್ದರೆ ಅದಕ್ಕೆ ದೊರೆಯುವ ಬೆಲೆ, ಅದನ್ನು ಬಿಚ್ಚಿ ಕಟ್ಟಿದವನಿಗೆ ದೊರೆಯುವುದಿಲ್ಲ. ಕಟ್ಟುವುದಕ್ಕಾಗಿಯೇ ಮಾಡಿದ ವಸ್ತುವು ಕಟ್ಟದೆ ಉಳಿದಾಗ ಹೆಚ್ಚು ಬೆಲೆಯುಳ್ಳದ್ದಾಗುತ್ತದೆ.

ಈ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಗೆ ತಿರುಗಿದರೆ, ಕಥೆಯಲ್ಲಿ ಬರುವ ಆಕಾಶಯಾನವನ್ನು ಬಿಡಿಭಾಗಗಳಿಂದ ಕಟ್ಟಿ ಅದರಲ್ಲಿ ಪುಟ್ಟ ಮೂರ್ತಿಯನ್ನು ಕುಳ್ಳಿರಿಸುವ ಪದ್ಧತಿಯೊಂದು ಇಲ್ಲಿ ಹಳೆಯದಾಗಿಯೇ ಇದೆಯೆಂಬುದು ಗೋಚರವಾಗುತ್ತದೆ. ಅದು ನಮ್ಮ ದೇವಾಲಯಗಳ ರಥ. ಅಲ್ಲಿ ನಿಯಮವು ತೀರ ವಿಪರೀತವಾಗಿದೆ. ಕಟ್ಟದೆ ಇರುವ ತೇರಿಗೆ ತೇರೆಂಬ ಹೆಸರೇ ಸಲ್ಲದು. ಅದು ಕೊಟ್ಟಿಗೆಯಲ್ಲಿರುವ ಮರಮಟ್ಟು ಮಾತ್ರ.

ರಥವನ್ನು ಆಕಾಶಯಾನವೆಂದು ಕರೆದುದು ಕೇವಲ ಅಲಂಕಾರದ ಮಾತಲ್ಲ. ‘ವಿಮಾನ’ ಎಂಬ ಶಬ್ದವನ್ನು ಪರಿಶೀಲಿಸಿದರೆ ಇದು ಸ್ಪಷ್ಟವಾಗುತ್ತದೆ. ಅಳತೆಮಾಡು ಎಂಬ ಅರ್ಥದ ‘ಮಾ’ ಧಾತುವಿನಿಂದ ಹುಟ್ಟಿದ ಈ ಪದವು ಶಿಲ್ಪಶಾಸ್ತ್ರದಲ್ಲಿ ಗರ್ಭಗೃಹವನ್ನೂ ಅದರ ಮೇಲಿನ ಶಿಖರವನ್ನೂ ಹೇಳುತ್ತದೆ; ಅಮರಕೋಶದಲ್ಲಿ ವ್ಯೋಮಯಾನಕ್ಕೆ ಪರ್ಯಾಯವಾಗಿಯೂ ಬರುತ್ತದೆ. ಕುಬೇರನಿಂದ ರಾವಣನು ಕಿತ್ತುಕೊಂಡ, ಲಂಕೆಯಿಂದ ಅಯೋಧ್ಯೆಗೆ ರಾಮನನ್ನು ಕರೆತಂದು ಮರಳಿ ಕುಬೇರನ ಬಳಿಗೆ ಹೋದ ಪುಷ್ಪಕವು ಎಲ್ಲರಿಗೂ ಪರಿಚಿತವಾದುದು. ಒಂದೇ ಪದವು ಗುಡಿಯ ಶಿಖರವನ್ನೂ ಬಾನಿನ ವಾಹನವನ್ನೂ ಹೇಳುವಾಗ, ಶಿಖರಕ್ಕೆ ಗಾಲಿ ಕಟ್ಟಿ ಬೀದಿಗೆ ತಂದ ರಥವು ಈ ಎರಡೂ ಅರ್ಥಗಳ ನಡುವೆ ನಿಂತ ವಸ್ತುವಾಗಿರುತ್ತದೆ. ಚಲಿಸದ ಗುಡಿಯು ವರ್ಷಕ್ಕೊಮ್ಮೆ ಚಲಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಪುರಾಣದ ವಿಮಾನವನ್ನು ನಿಜವಾದ ಯಂತ್ರವೆಂದು ಸಾಧಿಸಲು ಹೊರಡುವ ಉತ್ಸಾಹಿಗಳು ನಮ್ಮಲ್ಲಿ ಕಡಮೆಯಿಲ್ಲ. ಅವರಲ್ಲಿ ಹಲವರು ಆಧಾರವಾಗಿಟ್ಟುಕೊಳ್ಳುವ ‘ವೈಮಾನಿಕ ಶಾಸ್ತ್ರ’ವು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳ ಬಾಯಿಂದ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಹೊರಟುದೆಂದೂ, ಅದರಲ್ಲಿ ವರ್ಣಿಸಿದ ಯಂತ್ರಗಳು ಹಾರಲಾರವೆಂದೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ೧೯೭೪ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಇತಿಹಾಸಕಾರನಿಗೆ ಪುಷ್ಪಕವು ಹಾರಿತೇ ಎಂಬುದು ಪ್ರಶ್ನೆಯಲ್ಲ. ಪುಷ್ಪಕದ ಕಥೆ ಕೇಳಿದ ಜನರು ತಮ್ಮ ಕೈಯಿಂದ ಏನನ್ನು ಕಟ್ಟಿದರು ಎಂಬುದೇ ಪ್ರಶ್ನೆ.

ಕಟ್ಟಿದುದರ ಬಹು ಪ್ರಾಚೀನವೂ ವಿಶದವೂ ಆದ ವರ್ಣನೆಯೊಂದು ಚೀನಾದ ಯಾತ್ರಿಕ ಫಾಹಿಯಾನನ ಪ್ರವಾಸಕಥನದಲ್ಲಿದೆ. ಐದನೆಯ ಶತಮಾನದ ಆದಿಭಾಗದಲ್ಲಿ ಪಾಟಲಿಪುತ್ರದಲ್ಲಿದ್ದ ಆತನು, ಅಲ್ಲಿ ವರ್ಷಂಪ್ರತಿ ಎರಡನೆಯ ತಿಂಗಳ ಎಂಟನೆಯ ದಿನ ನಡೆಯುತ್ತಿದ್ದ ಮೂರ್ತಿಗಳ ಮೆರವಣಿಗೆಯನ್ನು ಹೇಳಿದ್ದಾನೆ. ನಾಲ್ಕು ಗಾಲಿಯ ಬಂಡಿ; ಅದರ ಮೇಲೆ ಬಿದಿರುಗಳನ್ನು ಬಿಗಿದು ಎಬ್ಬಿಸಿದ ಐದು ಅಂತಸ್ತು; ಸುಮಾರು ಇಪ್ಪತ್ತು ಮೊಳದ ಎತ್ತರ; ಸುತ್ತಲೂ ಬಣ್ಣಬಣ್ಣದ ಚಿತ್ರ ಬರೆದ ಬಿಳಿಯ ಬಟ್ಟೆ; ಚಿನ್ನ, ಬೆಳ್ಳಿ, ನೀಲಮಣಿಗಳಿಂದ ಶೋಭಿಸುವ ದೇವತೆಗಳ ಬೊಂಬೆಗಳು; ನಾಲ್ಕು ದಿಕ್ಕಿನ ಗೂಡುಗಳಲ್ಲಿ ಕುಳಿತ ಬುದ್ಧ, ಪಕ್ಕದಲ್ಲಿ ನಿಂತ ಬೋಧಿಸತ್ವ. ಇಂಥ ಇಪ್ಪತ್ತು ಬಂಡಿಗಳು ಇದ್ದುವೆಂದೂ ಒಂದೊಂದೂ ಬೇರೆ ಬೇರೆ ಬಗೆಯದೆಂದೂ ಆತನು ಬರೆಯುತ್ತಾನೆ. ಮತವು ಬೇರೆ, ದೇಶವು ಬೇರೆ. ಆದರೆ ಗಾಲಿಯ ಗಟ್ಟಿ ಬುಡ, ಬಿಗಿದು ಬಿಚ್ಚುವ ಬಿದಿರಿನ ಮೇಲ್ಭಾಗ, ಬಟ್ಟೆಯ ಹೊದಿಕೆ, ಗೂಡುಗಳಲ್ಲಿ ಮೂರ್ತಿ ಎಂಬ ನಾಲ್ಕು ಅಂಗಗಳೂ ಇಂದಿನ ನಮ್ಮ ಕರಾವಳಿಯ ತೇರಿನಲ್ಲಿ ಹಾಗೆಯೇ ಇವೆ.

ಕೋಟೇಶ್ವರದ ರಥವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕುಂದಾಪುರದ ದಕ್ಷಿಣಕ್ಕೆ ಕೆಲವೇ ಮೈಲಿ ದೂರದ ಈ ಕ್ಷೇತ್ರದ ಕೋಟಿಲಿಂಗೇಶ್ವರ ದೇವಾಲಯದಲ್ಲಿ ವೃಶ್ಚಿಕ ಮಾಸದ ಹುಣ್ಣಿಮೆಯ ಸಮಯದಲ್ಲಿ ನಡೆಯುವ ರಥೋತ್ಸವಕ್ಕೆ ‘ಕೊಡಿ ಹಬ್ಬ’ವೆಂದು ಹೆಸರು. ಹೊಸದಾಗಿ ಮದುವೆಯಾದವರು ಹಬ್ಬಕ್ಕೆ ಬಂದು ಕಬ್ಬಿನ ಕೊಡಿಯನ್ನು ಮನೆಗೆ ಒಯ್ಯುವ ವಾಡಿಕೆ ಈಗಲೂ ಇದೆ. ಇಲ್ಲಿಯ ಬ್ರಹ್ಮರಥವು ಕರಾವಳಿಯ ಅತಿ ದೊಡ್ಡ ರಥಗಳಲ್ಲಿ ಒಂದೆಂದು ಪ್ರಸಿದ್ಧಿ ಪಡೆದಿದೆ. ಬೈಂದೂರು ತಾಲೂಕಿನ ಕೊಲ್ಲೂರಿನಲ್ಲಿ ಮೂಕಾಂಬಿಕೆಯ ರಥೋತ್ಸವವು ಫಾಲ್ಗುಣದಲ್ಲಿ ಬರುತ್ತದೆ. ಬ್ರಹ್ಮಾವರ ತಾಲೂಕಿನ ಗುಡಿಗಳಿಗೂ ತಮ್ಮ ತಮ್ಮ ತೇರುಗಳುಂಟು. ಇವೆಲ್ಲವುಗಳ ಕಟ್ಟಾಣಿಕೆಯ ತತ್ತ್ವ ಒಂದೇ ಆದುದರಿಂದ ಪ್ರತ್ಯೇಕವಾಗಿ ವರ್ಣಿಸಬೇಕಾಗಿಲ್ಲ.

ತೇರಿನ ದೇಹವನ್ನು ಎರಡಾಗಿ ವಿಭಾಗಿಸಬಹುದು: ವರ್ಷವಿಡೀ ಉಳಿಯುವ ಭಾಗ ಮತ್ತು ವರ್ಷಕ್ಕೊಮ್ಮೆ ಹುಟ್ಟಿ ಅಳಿಯುವ ಭಾಗ. ಗಾಲಿ, ಅಚ್ಚು, ಅದರ ಮೇಲಿನ ತೊಲೆಗಳು, ಕೆತ್ತನೆಯ ಹಲಗೆಗಳಿಂದ ಸುತ್ತುವರಿದ ಬುಡ, ಇವು ಮೊದಲನೆಯ ಭಾಗಕ್ಕೆ ಸೇರಿದವು. ಗಾಲಿಗೆ ಅರಗಳಿರುವುದಿಲ್ಲ; ದಪ್ಪನಾದ ಮರದ ತುಂಡುಗಳನ್ನು ಸೇರಿಸಿ ಗುಂಡಗೆ ಕಡಿದಿರುತ್ತಾರೆ. ಭಾರ ಹೊರುವ ಈ ಭಾಗಗಳಿಗೆ ನಮ್ಮ ಘಟ್ಟದ ಕಿರಾಲುಬೋಗಿಯಂಥ, ನೀರಿಗೂ ಹುಳಕ್ಕೂ ಬಗ್ಗದ ಗಟ್ಟಿಮರ ಬೇಕು; ನವುರಾದ ಕೆತ್ತನೆಗೆ ಸಾಗುವಾನಿ ಒಳ್ಳೆಯದು. ಒಂದು ತೊಲೆಯ ತುದಿಯನ್ನು ಕಿರಿದುಮಾಡಿ ಇನ್ನೊಂದರ ಕುಳಿಯಲ್ಲಿ ಕೂರಿಸಿ ಬೆಣೆ ಹೊಡೆದು ಬಿಗಿಮಾಡುವುದು ಇಲ್ಲಿಯ ಮುಖ್ಯ ಕ್ರಮ. ಬುಡಕ್ಕೆ ಕೇವಲ ಗಟ್ಟಿತನವಿದ್ದರೆ ಸಾಲದು, ಸ್ವಲ್ಪ ಮಣಿಯುವ ಗುಣವೂ ಇರಬೇಕು. ರಥಬೀದಿಯ ನೆಲ ಎಲ್ಲಿಯೂ ಸಮವಲ್ಲ. ಅಚ್ಚು ತಿರುಗುವಂತಿಲ್ಲವಾದುದರಿಂದ ಗಾಲಿಯ ಅಡಿಗೆ ಮರದ ತುಂಡು ಕೊಟ್ಟೇ ದಿಕ್ಕನ್ನು ಬದಲಿಸಬೇಕು, ಕೊಟ್ಟೇ ನಿಲ್ಲಿಸಬೇಕು. ಆಗೆಲ್ಲ ತೇರು ನರಳುತ್ತದೆ. ಆ ನರಳಿಕೆಯೇ ಕೀಲುಗಳು ಕೆಲಸಮಾಡುತ್ತಿವೆ ಎಂಬುದಕ್ಕೆ ಗುರುತು.

ಎರಡನೆಯ ಭಾಗವು ಬುಡದ ಮೇಲೆ ಏಳುವ ಬಿದಿರು, ಅಡಕೆಮರ, ಹಗ್ಗಗಳ ಹಂದರ. ಘಟ್ಟದ ಮೇಲಿನ ಹಾಗೂ ತಮಿಳುನಾಡಿನ ತೇರುಗಳು ಶಿಖರದಂತೆ ಮೇಲಕ್ಕೆ ಸಣ್ಣದಾಗುತ್ತ ಹೋದರೆ, ನಮ್ಮ ಕರಾವಳಿಯ ರಥವು ಮೇಲೆ ದುಂಡಗೆ ಉಬ್ಬಿ ಗೋಲದಂತಾಗುತ್ತದೆ. ಅದರ ಮೈತುಂಬ ಸಾಲುಸಾಲಾಗಿ ಕೆಂಪು ಬಿಳಿ ಪತಾಕೆಗಳು, ತುದಿಯಲ್ಲಿ ಕಲಶ. ಹಗ್ಗವನ್ನು ಎಲ್ಲಿ ಎಷ್ಟು ಬಿಗಿಯಬೇಕು, ಯಾವ ಸುತ್ತಿನ ಬಿದಿರನ್ನು ಮೊದಲು ಏರಿಸಬೇಕು, ಗಾಳಿಗೆ ಗೋಲವು ಎಷ್ಟು ಓಲಾಡಿದರೆ ಕ್ಷೇಮ ಎಂಬಿವೆಲ್ಲ ಇಲ್ಲಿ ಬರುವ ಪ್ರಶ್ನೆಗಳು. ಅವಭೃತವಾದ ಬಳಿಕ ಈ ಭಾಗವನ್ನು ಬಿಚ್ಚುತ್ತಾರೆ. ಪತಾಕೆಗಳು ಪೆಟ್ಟಿಗೆ ಸೇರುತ್ತವೆ, ಬುಡವು ತನ್ನ ಕೊಟ್ಟಿಗೆಗೆ ಹೋಗುತ್ತದೆ, ಹಗ್ಗ ಸುರುಳಿಯಾಗುತ್ತದೆ. ಮುಂದಿನ ವರ್ಷ ಮತ್ತೆ ಮೊದಲಿನಿಂದ.

ಡೆನ್ಮಾರ್ಕಿನ ಪೆಟ್ಟಿಗೆಯೊಳಗೆ ನೂರಾರು ಪುಟಗಳ ಒಂದು ಸಚಿತ್ರ ಪುಸ್ತಕ ಇರುತ್ತದೆ. ಯಾವ ತುಂಡು ಯಾವುದರ ಮೇಲೆ ಕೂರಬೇಕೆಂಬುದನ್ನು ಅದು ಹೆಜ್ಜೆ ಹೆಜ್ಜೆಗೂ ತೋರಿಸುತ್ತದೆ. ಭಾಷೆ ಬಾರದವನೂ ಅದನ್ನು ನೋಡಿ ಕಟ್ಟಬಲ್ಲನು. ನಮ್ಮ ತೇರಿಗೆ ಇಂತಹ ಪುಸ್ತಕವಿದೆಯೇ? ಶಿಲ್ಪಗ್ರಂಥಗಳಿವೆ ನಿಜ. ಪ್ರಸನ್ನಕುಮಾರ ಆಚಾರ್ಯರು ೧೯೩೦ರ ದಶಕದಲ್ಲಿ ಸಂಪಾದಿಸಿ ಪ್ರಕಟಿಸಿದ ಮಾನಸಾರದಲ್ಲಿ ರಥಲಕ್ಷಣಕ್ಕಾಗಿಯೇ ಒಂದು ಅಧ್ಯಾಯ ಮೀಸಲಾಗಿದೆ. ಎಂಟು ಯವಕ್ಕೆ ಒಂದು ಅಂಗುಲ, ಇಪ್ಪತ್ತನಾಲ್ಕು ಅಂಗುಲಕ್ಕೆ ಒಂದು ಹಸ್ತ ಎಂಬ ಮಾನವನ್ನು ಬಡಗಿಗಳು ಈಗಲೂ ಬಲ್ಲರು. ಆದರೆ ಇಂತಹ ಗ್ರಂಥವು ಪ್ರಮಾಣವನ್ನು ಹೇಳುತ್ತದೆಯೇ ಹೊರತು ಕಟ್ಟುವ ಅನುಕ್ರಮವನ್ನು ಹೇಳುವುದಿಲ್ಲ. ಗಾಲಿಯ ವ್ಯಾಸ ಇಷ್ಟಿರಲಿ ಎಂದೀತು. ಅಚ್ಚಿಗೆ ಗಾಲಿಯನ್ನು ಏರಿಸುವಾಗ ಯಾವ ಬದಿಯಲ್ಲಿ ಎಷ್ಟು ಜನ ನಿಲ್ಲಬೇಕೆಂದು ಹೇಳದು. ಅನುಕ್ರಮವು ಮನುಷ್ಯರಲ್ಲಿದೆ, ತಂದೆಯ ಜತೆ ಮರ ಕೆತ್ತಿದ ಮಗನಲ್ಲಿ, ಪ್ರತಿವರ್ಷ ಹಗ್ಗ ಬಿಗಿಯಲು ಬರುವ ಮನೆತನದ ಕೈಯಲ್ಲಿ ಇದೆ. ಈ ಜ್ಞಾನವು ವರ್ಷಕ್ಕೊಮ್ಮೆ ಆಚರಣೆಗೆ ಬರುವುದರಿಂದಲೇ ಜೀವಂತವಾಗಿರುತ್ತದೆ. ರಥವನ್ನು ವರ್ಷವೂ ಬಿಚ್ಚುವುದು ಕೇವಲ ಮಳೆಗಾಲದ ಭಯದಿಂದಲ್ಲ, ಬಿಚ್ಚಿದುದರಿಂದ ಕಟ್ಟುವ ವಿದ್ಯೆಯೂ ಉಳಿದುಬಂದಿತು ಎಂಬುದು ನಮ್ಮ ಅಭಿಪ್ರಾಯ. ಒಮ್ಮೆ ಕಟ್ಟಿ ಶಾಶ್ವತವಾಗಿ ನಿಲ್ಲಿಸಿಬಿಟ್ಟಿದ್ದರೆ ಎರಡೇ ತಲೆಮಾರಿನಲ್ಲಿ ಅದು ಮರೆತುಹೋಗುತ್ತಿತ್ತು.

ವಿದ್ಯೆ ಉಳಿದಿದೆಯೆಂಬುದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ರಥಶಿಲ್ಪಿ ಲಕ್ಷ್ಮೀನಾರಾಯಣ ಆಚಾರ್ಯರೂ ಅವರ ಮಗ ರಾಜಗೋಪಾಲ ಆಚಾರ್ಯರೂ ಕೋಟೇಶ್ವರದಲ್ಲಿ ನಿರ್ಮಿಸಿದ ರಥಗಳು ಕರಾವಳಿಯ ಆಚೆಗೂ ಹೋಗಿವೆ. ಕುಕ್ಕೆ ಸುಬ್ರಹ್ಮಣ್ಯದ ಹೊಸ ಬ್ರಹ್ಮರಥವು ಇವರ ಕಾರ್ಯಾಗಾರದಲ್ಲಿ ಸಿದ್ಧವಾಗಿ ೨೦೧೯ರಲ್ಲಿ ವಾಹನದ ಮೇಲೇರಿ ಕುಕ್ಕೆಗೆ ಹೋಯಿತು. ದಾರಿಯುದ್ದಕ್ಕೂ ಊರುಗಳ ಜನ ನಿಂತು ನೋಡಿದರು. ಜನರು ಎಳೆಯಬೇಕಾದ ರಥವು ತಾನೇ ಇನ್ನೊಂದು ವಾಹನವನ್ನೇರಿ ಹೋದುದು ಈ ಕಾಲದ ವಿನೋದ.

ಇನ್ನು ಮೂರ್ತಿಗಳ ವಿಷಯ. ರಥದಲ್ಲಿ ಎರಡು ಬಗೆಯ ಮೂರ್ತಿಗಳಿವೆ. ಬುಡದ ಹಲಗೆಗಳಲ್ಲಿ ಕೆತ್ತಿದ ದೇವತೆಗಳು, ಅವತಾರಗಳು, ಆನೆ, ಸಿಂಹ, ಯಾಳಿ ಮುಂತಾದವು ಒಂದು ಬಗೆ. ಇವು ರಥದ ಮೈಗೆ ಅಂಟಿದವು, ಚಲಿಸವು. ಇನ್ನೊಂದು ಬಗೆಯದು ಉತ್ಸವಮೂರ್ತಿ. ರಥಾರೋಹಣದ ಮುಹೂರ್ತಕ್ಕೆ ಗುಡಿಯಿಂದ ಹೊರಟು ಬಂದು ರಥವನ್ನೇರಿ, ಉತ್ಸವ ಮುಗಿದ ಮೇಲೆ ಇಳಿದು ಒಳಗೆ ಹೋಗುವುದು ಇದರ ಕ್ರಮ. ಇದರ ಗಾತ್ರವನ್ನು ಗಮನಿಸಬೇಕು. ಅಷ್ಟು ಎತ್ತರದ ರಥ, ನೂರಾರು ಜನ ಹಿಡಿಯುವ ಹಗ್ಗ, ಆಳೆತ್ತರವನ್ನು ಮುಟ್ಟುವ ಗಾಲಿ, ಇವೆಲ್ಲವೂ ಒಬ್ಬ ಅರ್ಚಕರು ಎದೆಗವಚಿ ತರಬಹುದಾದ ಒಂದು ಪುಟ್ಟ ಲೋಹದ ಪ್ರತಿಮೆಗಾಗಿ. ವಾಹನ ದೊಡ್ಡದು, ಪ್ರಯಾಣಿಕ ಚಿಕ್ಕವನು. ಇಟ್ಟಿಗೆಯ ನೌಕೆಯಲ್ಲಿಯೂ ಇದೇ ಪ್ರಮಾಣ ಕಾಣುತ್ತದೆ: ಎರಡೂಮುಕ್ಕಾಲು ಅಡಿ ಉದ್ದದ ನೌಕೆಯ ಮುಂಭಾಗದ ಪುಟ್ಟ ಕೋಣೆಯಲ್ಲಿ ಬೆರಳಿನ ಗಾತ್ರದ ನಾಯಕ. ಆ ಚಿಕ್ಕವನು ಇಲ್ಲವಾದರೆ ದೊಡ್ಡದಕ್ಕೆ ಅರ್ಥವಿಲ್ಲ.

ವಾಹನವಿಲ್ಲದೆ ಮೂರ್ತಿಗಳೇ ಸ್ವತಂತ್ರವಾಗಿ ನಿಂತ ಉದಾಹರಣೆಯೂ ಇದೇ ಪರಿಸರದಲ್ಲಿ ಇರುವುದು ನಮ್ಮ ಪುಣ್ಯ. ಕುಂದಾಪುರದ ಸಮೀಪ ಹೊಳೆಯ ನಡುವಣ ಉಪ್ಪಿನಕುದ್ರು ಎಂಬಲ್ಲಿ ಕಾಮತ ಮನೆತನದವರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಸೂತ್ರದ ಗೊಂಬೆಯಾಟವನ್ನು ಅರಿಯದವರಿಲ್ಲ. ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಕೊಗ್ಗ ದೇವಣ್ಣ ಕಾಮತರ ಬಳಿಕ ಅವರ ಮಗ ಭಾಸ್ಕರ ಕೊಗ್ಗ ಕಾಮತರು ಇದನ್ನು ಮುಂದುವರಿಸಿದ್ದಾರೆ. ಸುಮಾರು ಒಂದೂವರೆ ಅಡಿಯ ಈ ಮರದ ಗೊಂಬೆಗಳು ಬಡಗುತಿಟ್ಟಿನ ಯಕ್ಷಗಾನ ವೇಷಗಳ ಯಥಾವತ್ ಕಿರುರೂಪಗಳು. ಕೈಕಾಲುಗಳ ಕೀಲುಗಳು ಬೇರೆ ಬೇರೆಯಾಗಿ ಆಡುವುದರಿಂದ, ಪರದೆಯ ಹಿಂದೆ ನಿಂತವನ ಬೆರಳಿನ ಚಲನೆಗೆ ಸರಿಯಾಗಿ ಗೊಂಬೆಯು ತಾಳಕ್ಕೆ ಹೆಜ್ಜೆಯಿಡುತ್ತದೆ. ಭಾಗವತರ ಹಾಡು, ಮದ್ದಳೆ, ಚಂಡೆ ಎಲ್ಲವೂ ಬಯಲಾಟದವೇ.

ಈ ಗೊಂಬೆಗಳಿಗೂ ಡೆನ್ಮಾರ್ಕಿನ ಕಿರುಮನುಷ್ಯರಿಗೂ ಒಂದು ವಿಷಯದಲ್ಲಿ ಆಶ್ಚರ್ಯಕರವಾದ ಸಾಮ್ಯವಿದೆ. ೧೯೭೮ರ ಕಿರುಮನುಷ್ಯನಿಗೆ ಮುಖವೆಂದರೆ ಎರಡು ಚುಕ್ಕೆ, ಒಂದು ಗೆರೆ. ಅವನು ಯಾರೆಂಬುದು ತಿಳಿಯುವುದು ತಲೆಯ ಮೇಲಿನ ಟೊಪ್ಪಿಗೆ, ಕೂದಲು, ಅಂಗಿಯ ಬಣ್ಣಗಳಿಂದ. ಟೊಪ್ಪಿಗೆ ಬದಲಿಸಿದರೆ ಕಾವಲುಗಾರನು ಬೆಂಕಿ ಆರಿಸುವವನಾಗುತ್ತಾನೆ. ಬಡಗುತಿಟ್ಟಿನಲ್ಲಿ ಈ ತತ್ತ್ವವು ಪೂರ್ಣ ಶಾಸ್ತ್ರವಾಗಿಯೇ ಬೆಳೆದಿದೆ. ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರಿಗೆ ಕೇದಗೆ ಮುಂದಲೆ, ಕರ್ಣಾರ್ಜುನರಂಥವರಿಗೆ ಮುಂಡಾಸು, ಅರಸರಿಗೆ ಕಿರೀಟ. ಬಾಯಿ ತೆರೆಯುವ ಮೊದಲೇ ಪ್ರೇಕ್ಷಕನು ಪಾತ್ರವನ್ನು ಗುರುತಿಸಿರುತ್ತಾನೆ. ಬ್ರಹ್ಮಾವರ ತಾಲೂಕಿನ ಕೋಟದವರಾದ ಶಿವರಾಮ ಕಾರಂತರು, ೧೯೫೯ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ತಮ್ಮ ‘ಯಕ್ಷಗಾನ ಬಯಲಾಟ’ದ ಮೂಲಕ ಈ ಕಲೆಯ ಅಧ್ಯಯನಕ್ಕೆ ಭದ್ರವಾದ ತಳಹದಿ ಹಾಕಿದರು. ವೇಷವನ್ನು ಒಂದೂವರೆ ಅಡಿಗೆ ಇಳಿಸಿದಾಗ ಮುಖದ ಸೂಕ್ಷ್ಮ ಭಾವಗಳು ಕಳೆದುಹೋಗುತ್ತವೆ. ಶಿರೋಭೂಷಣ, ಬಣ್ಣ, ನಿಲುವುಗಳು ಮಾತ್ರ ಉಳಿಯುತ್ತವೆ. ಉಳಿದಷ್ಟರಿಂದಲೇ ಪಾತ್ರ ಪೂರ್ಣವಾಗುತ್ತದೆ ಎಂಬುದು ಯಕ್ಷಗಾನದ ವೇಷಕಲ್ಪನೆಯು ಎಷ್ಟು ಬಲವಾದುದೆಂಬುದಕ್ಕೆ ಒಳ್ಳೆಯ ಪರೀಕ್ಷೆ. ದೊಡ್ಡದರ ಗುಣವನ್ನು ಅರಿಯಬೇಕಾದರೆ ಅದನ್ನು ಚಿಕ್ಕದುಮಾಡಿ ನೋಡಬೇಕು.

ಮೂರ್ತಿಗಳು ಸಂಗ್ರಹದ ವಸ್ತುಗಳಾದಾಗ ಏನಾಗುತ್ತದೆಂಬುದನ್ನು ಈಗ ನೋಡಬಹುದು. ಬಾರಕೂರಿಗೆ ಸಮೀಪದ ಶಿರಿಯಾರದ ಕಡೆ ಮೆಕ್ಕೆಕಟ್ಟು ಎಂಬಲ್ಲಿ ನಂದಿಕೇಶ್ವರನ ಗುಡಿಯಿದೆ. ಅಲ್ಲಿ ಬಣ್ಣ ಬಳಿದ ಮರದ ಮೂರ್ತಿಗಳ ಒಂದು ದೊಡ್ಡ ಸಮೂಹವೇ ಇದೆ. ಹಿಂದಿನ ಶತಮಾನದ ಉತ್ತರಾರ್ಧದಲ್ಲಿ ಗುಡಿಯ ಹಳೆಯ ಮೂರ್ತಿಗಳಿಗೆ ಬದಲಾಗಿ ಹೊಸವು ಬಂದಾಗ, ಹಳೆಯವುಗಳಲ್ಲಿ ಅನೇಕವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿದುವು. ಅವು ಕೊಳೆತು ಹೋಗದೆ ಉಳಿದುವೆಂಬುದು ಸಂತೋಷದ ವಿಷಯ; ಅವುಗಳನ್ನು ರಕ್ಷಿಸಿದವರಿಗೆ ನಾವು ಋಣಿಗಳು. ಆದರೆ ಗುಡಿಯಲ್ಲಿ ಯಾವುದರ ಬಲಕ್ಕೆ ಯಾವುದು, ಯಾವುದು ಮುಂದೆ, ಯಾವುದು ಬಾಗಿಲ ಬಳಿ ಎಂಬ ವ್ಯವಸ್ಥೆಯು ಮರದ ಜತೆಗೆ ದೆಹಲಿಗೆ ಹೋಗಲಾರದು. ಹಳೆಯ ಕ್ರಮವನ್ನು ಅರಿಯಬೇಕಾದವನು ಮೆಕ್ಕೆಕಟ್ಟಿಗೇ ಬರಬೇಕು. ದಕ್ಷಿಣ ಭಾರತದ ಹಳೆಯ ತೇರುಗಳ ಕೆತ್ತನೆಯ ಹಲಗೆಗಳಿಗೆ ಇದಕ್ಕಿಂತ ಕಠಿಣವಾದ ಗತಿ ಬಂದಿದೆ. ಜೀರ್ಣವಾದ ರಥವನ್ನು ಬಿಚ್ಚಿದಾಗ ಹಲಗೆಗಳು ಒಂದೊಂದಾಗಿ ವ್ಯಾಪಾರಿಗಳ ಕೈ ಸೇರಿ, ದೇಶವಿದೇಶಗಳ ಮನೆಗಳ ಗೋಡೆಯ ಮೇಲೆ ನೇತಾಡುತ್ತಿವೆ. ನೋಡುವವನಿಗೆ ಅದು ಒಬ್ಬ ನರ್ತಕಿ ಅಥವಾ ಒಬ್ಬ ದ್ವಾರಪಾಲ. ಯಾವ ತೇರಿನ ಯಾವ ಮೂಲೆಯದೆಂದು ಕೇಳಿದರೆ ಉತ್ತರವಿಲ್ಲ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ರಥಗಳನ್ನು ಇಡಿಯಾಗಿಯೇ ಕಾಪಾಡಿಕೊಂಡು ಬಂದಿರುವುದು ಈ ದೃಷ್ಟಿಯಿಂದ ಹೆಚ್ಚು ವಿವೇಕದ ಕೆಲಸ.

ಇಡಿಯಾಗಿ ಉಳಿದುದರಲ್ಲಿಯೂ ಒಂದು ಭಾಗ ತಪ್ಪಿಹೋಗಬಹುದೆಂಬುದಕ್ಕೆ ಹಂಪೆಯ ಕಲ್ಲಿನ ರಥಕ್ಕಿಂತ ಉತ್ತಮ ಉದಾಹರಣೆ ಸಿಗಲಾರದು. ವಿಠಲ ದೇವಾಲಯದ ಅಂಗಳದ ಈ ಗರುಡಗುಡಿಯನ್ನು ಏಕಶಿಲೆಯೆಂದು ಅನೇಕರು ನಂಬಿದ್ದಾರೆ. ವಸ್ತುತಃ ಅದು ಹಲವು ಕಲ್ಲುಗಳನ್ನು ಸಂದು ಕಾಣದಂತೆ ಹೊಂದಿಸಿ ಕಟ್ಟಿದುದು. ಇದಲ್ಲದೆ ಅದರ ಮೇಲೆ ಇಟ್ಟಿಗೆಯಿಂದ ಕಟ್ಟಿದ ಶಿಖರವೊಂದು ಇದ್ದಿತು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ೧೮೫೬ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಆ ಶಿಖರ ಸ್ಪಷ್ಟವಾಗಿ ಕಾಣುತ್ತದೆ. ಇಂದು ಅದಿಲ್ಲ. ನಮ್ಮ ನೋಟು, ಅಂಚೆಚೀಟಿಗಳಲ್ಲಿ ಅಚ್ಚಾಗುವ, ಕಿರುರೂಪದಲ್ಲಿ ಮಾರಾಟವಾಗುವ ಕಲ್ಲಿನ ರಥವು ಶಿಖರವಿಲ್ಲದ ರಥ. ಮೂಲದ ಪೂರ್ಣಾಕಾರವನ್ನು ಬಲ್ಲುದು ಒಂದು ಛಾಯಾಚಿತ್ರ. ಕಿರುರೂಪಗಳೆಲ್ಲ ಅದರ ಅನಂತರದ ನಷ್ಟವನ್ನೇ ನಿಷ್ಠೆಯಿಂದ ಅನುಕರಿಸುತ್ತಿವೆ.

ಆದುದರಿಂದ ನಮ್ಮ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಸೂಚಿಸಬಯಸುತ್ತೇವೆ. ರಥೋತ್ಸವದ ದಿನ ತೆಗೆದ ಚಿತ್ರಗಳಿಗೆ ಈಗ ಕೊರತೆಯಿಲ್ಲ. ಪ್ರತಿಯೊಬ್ಬನ ಕಿಸೆಯಲ್ಲಿಯೂ ಛಾಯಾಗ್ರಾಹಕ ಯಂತ್ರವಿದೆ. ಬೇಕಾದುದು ಉತ್ಸವಕ್ಕಿಂತ ಮೊದಲಿನ ದಿನಗಳ ದಾಖಲೆ. ಕೊಡಿ ಹಬ್ಬಕ್ಕೆ ತೇರು ಕಟ್ಟುವ ದಿನಗಳಲ್ಲಿ ರಥಬೀದಿಗೆ ಹೋಗಿ ನಿಲ್ಲಬೇಕು. ಬುಡವು ಕೊಟ್ಟಿಗೆಯಿಂದ ಹೊರಬಂದ ಗಳಿಗೆಯಿಂದ ಕಲಶವೇರುವ ತನಕ ಯಾವುದರ ಮೇಲೆ ಯಾವುದು ಏರಿತೆಂಬುದನ್ನು ಕ್ರಮವಾಗಿ ಬರೆದುಕೊಳ್ಳಬೇಕು. ಪ್ರತಿಯೊಂದು ತೊಲೆಗೆ, ಗಂಟಿಗೆ, ಬೆಣೆಗೆ ಕೆಲಸದವರ ಬಾಯಲ್ಲಿರುವ ಹೆಸರನ್ನೇ ಬರೆಯಬೇಕು, ಪುಸ್ತಕದ ಸಂಸ್ಕೃತ ಹೆಸರನ್ನಲ್ಲ. ಯಾರು ಯಾವ ಕೆಲಸಕ್ಕೆ ಬಂದರು, ಅವರ ಮನೆಯಿಂದ ಮುಂದೆ ಬರುವವರು ಇದ್ದಾರೆಯೇ ಎಂದು ವಿಚಾರಿಸಬೇಕು. ಉಪ್ಪಿನಕುದ್ರಿನಲ್ಲಿ ಗೊಂಬೆಯೊಂದರ ಸೂತ್ರವು ತುಂಡಾದಾಗ ಅದನ್ನು ಮತ್ತೆ ಎಷ್ಟು ಉದ್ದಕ್ಕೆ, ಯಾವ ಗಂಟಿನಿಂದ ಕಟ್ಟುತ್ತಾರೆಂಬುದೂ ಹೀಗೆಯೇ ಬರೆದಿಡಲು ಯೋಗ್ಯವಾದ ಸಂಗತಿ. ಎರಡು ಮೂರು ಊರುಗಳ ತೇರುಗಳನ್ನು ಹೀಗೆ ದಾಖಲಿಸಿದರೆ ಕೋಟೇಶ್ವರದ ಕ್ರಮಕ್ಕೂ ಕೊಲ್ಲೂರಿನ ಕ್ರಮಕ್ಕೂ ಇರುವ ಭೇದಗಳು ಮೊದಲಬಾರಿಗೆ ಹೋಲಿಕೆಗೆ ಒದಗುತ್ತವೆ. ಬಿಚ್ಚುವ ದಿನವೂ ಹೋಗಬೇಕು. ಕಟ್ಟುವಾಗ ಮರೆಯಲ್ಲಿದ್ದ ಒಳಗಂಟುಗಳು ಕಣ್ಣಿಗೆ ಬೀಳುವುದು ಆ ದಿನವೇ. ನೋಡಲು ನೆರೆಯುವ ಜನವೂ ಅಂದು ಕಡಮೆ.